ದುಬುವಾ, ಅಬ್ಬೆ

(1766–1848). ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿದ್ದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ; ದಕ್ಷಿಣ ಭಾರತದ ಆಚಾರವಿಚಾರಗಳನ್ನು ಕುರಿತ ಗ್ರಂಥದ ಕರ್ತೃ. ಪೂರ್ಣ ಹೆಸರು ಜಾಂ ಆಂತ್ವಾನ್ ದುಬುವಾ. ‘ಅಬ್ಬೆ’ ಎಂಬುದು ಪಾದ್ರಿಗಳಿಗೆ ಫ್ರಾನ್ಸಿನಲ್ಲಿ ಸಲ್ಲುವ ಗೌರವಸೂಚಕ. ಕನ್ನಡದ ಅಬ್ಬೆಗೂ ಇದಕ್ಕೂ ನಂಟಿಲ್ಲ.

ದಕ್ಷಿಣ ಫ್ರಾನ್ಸಿನವನಾದ ಈತ 1792ರಲ್ಲಿ, ದೀಕ್ಷೆ ಪಡೆದ ವರ್ಷವೇ, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದಿಂದ ಭಾರತಕ್ಕೆ ಹೊರಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಇಸ್ಲಾಮಿಗೆ ಮತಾಂತರಗೊಂಡಿದ್ದ ಕ್ರೈಸ್ತರನ್ನು ಮರಳಿ ಸಂಘಟಿಸಲು ಮೈಸೂರಿಗೆ ಬಂದ. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಊರವರಂತೆಯೇ ಉಂಡು ಬಾಳಿದ. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದ. ಸಿಡುಬನ್ನು ‘ಅಮ್ಮ’ ಎಂದು ಪೂಜಿಸುತ್ತಿದ್ದ ಜನ ಹೊಸದಾಗಿ ಬಂದ ದಾಕಿಗೆ ತೋಳೊಡ್ಡಲು ಅಂಜುತ್ತಿದ್ದಾಗ ಅವರ ಮನವೊಲಿಸಿದ. 1803–04ರಲ್ಲಿ ಈತನ ಉಸ್ತುವಾರಿಯಲ್ಲಿ ಸುಮಾರು 25,000 ಮಂದಿಗೆ ದಾಕು ಹಾಕಲಾಯಿತು.

ಈತನಿಗೆ ಹೆಸರು ತಂದದ್ದು ಮಾತ್ರ ಆಚಾರವಿಚಾರಗಳನ್ನು ಕುರಿತ ಆ ಗ್ರಂಥ. ಅದರ ಹಸ್ತಪ್ರತಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್‌ನ ಕೈಸೇರಿತು. ಆತನ ಶಿಫಾರಸಿನ ಮೇಲೆ ಮದರಾಸು ಸರ್ಕಾರ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಜಾತಿಪದ್ಧತಿ, ಮಡಿಮೈಲಿಗೆ, ಮದುವೆ, ಶ್ರಾದ್ಧಗಳ ವಿವರ ಅದರಲ್ಲಿ ದಟ್ಟವಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಅದು ಕೈಪಿಡಿಯೇ ಆಯಿತು. ಆದರೆ 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಬೇರೆಯೇ ಕಥೆ ಹೊರತೆಗೆದಳು: ಅದರ ಬಹುಭಾಗ ಪುದುಚೇರಿಯ ಜೆಸ್ಯೂಟ್ ಪಾದ್ರಿ ಕೆರ್ದೂ 1770ರ ದಶಕದಲ್ಲಿ ಬರೆದಿಟ್ಟ ಕೃತಿಯಿಂದ ಎತ್ತಿದ್ದು. ಹೀಗಾಗಿ ಅದನ್ನು ಮೈಸೂರಿನ ಕಣ್ಣಾರೆ ಕಂಡ ಚಿತ್ರವೆಂದು ಪುಟಪುಟಕ್ಕೂ ಉದ್ಧರಿಸುವ ವಾಡಿಕೆಯನ್ನು ಇನ್ನಾದರೂ ಬಿಡಬೇಕು. ಬ್ರಾಹ್ಮಣರ ಮೇಲೆ ಹರಿಹಾಯುವ ಅದರ ಧಾಟಿಯೂ ನಿಷ್ಪಕ್ಷಪಾತವಾದುದಲ್ಲ.

1823ರಲ್ಲಿ ದುಬುವಾ ಫ್ರಾನ್ಸಿಗೆ ಮರಳಿದ. ಮತ್ತೆ ಭಾರತಕ್ಕೆ ಬರಲಿಲ್ಲ. ಅದೇ ವರ್ಷ ಹೊರಬಂದ ಪತ್ರಸಂಕಲನದಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು, ಮೂವತ್ತು ವರ್ಷ ಅದೇ ಕೆಲಸ ಮಾಡಿದವನೇ ಬರೆದ. ಇಂಗ್ಲಿಷ್ ಮಿಷನರಿಗಳು ಕೆರಳಿದರು. ಜೇಮ್ಸ್ ಹಫ್ ಉತ್ತರವಾಗಿ ಪುಸ್ತಕವನ್ನೇ ಬರೆದ. 1826ರಲ್ಲಿ ದುಬುವಾ ತಮಿಳು, ತೆಲುಗು, ಕನ್ನಡ ಪಾಠಗಳಿಂದ ಆಯ್ದ ಪಂಚತಂತ್ರವನ್ನು ಫ್ರೆಂಚಿನಲ್ಲಿ ಪ್ರಕಟಿಸಿದ. ಮುಂದೆ ತನ್ನ ಸಂಘದ ಮುಖ್ಯಸ್ಥನಾಗಿಯೂ ಇದ್ದು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.