ಹಾರದ ಕತೆಯೂ ರಾತ್ರಿ ಶಾಲೆಯೂ

ನಾನ್-ಡಿಟೇಲ್ ಅಂತ ಒಂದು ಪುಸ್ತಕ ಇರ್ತಿತ್ತು, ನೆನಪಿದೆಯಾ? ಊರಲ್ಲಿ ಕಲಿತವರು ಹಾಗನ್ನುತ್ತಿದ್ದರು, ಇಲ್ಲಿ ಮುಂಬಯಿಯಲ್ಲಿ ಅದು ರ‍್ಯಾಪಿಡ್ ರೀಡರ್. ಇಂಗ್ಲಿಷಿನ ಮುಖ್ಯ ಪಠ್ಯದ ಜತೆ ಕೊಡುತ್ತಿದ್ದ ತೆಳ್ಳಗಿನ ಕತೆ ಪುಸ್ತಕ. ಅಂಕ ಕಡಿಮೆ, ಹಾಗಾಗಿ ಮರ್ಯಾದೆಯೂ ಕಡಿಮೆ. ಆದರೆ ಶಾಲೆ ಬಿಟ್ಟು ಐವತ್ತು ವರ್ಷದ ಮೇಲೆ ಆಯ್ತು, ಇಂಗ್ಲಿಷ್ ಕ್ಲಾಸಿನಿಂದ ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಈ ಪುಸ್ತಕ ನಮ್ಮ ಕೈಗೆ ಬಂದದ್ದಾದರೂ ಹೇಗೆ ಅಂತ ಹುಡುಕುತ್ತಾ ಹೋದೆ.

1835ರ ಮೆಕಾಲೆ ಟಿಪ್ಪಣಿಯ ಕತೆ ನಿಮಗೆಲ್ಲ ಗೊತ್ತು. ಇಂಗ್ಲಿಷ್ ಬಂತು, ಅದರ ಹಿಂದೆಯೇ ಇಂಗ್ಲಿಷ್ ಸಾಹಿತ್ಯವೂ ಬಂತು. ಹೈಸ್ಕೂಲ್ ಹುಡುಗರಿಗೆ ಶೇಕ್ಸ್‌ಪಿಯರ್ ನೇರವಾಗಿ ಜೀರ್ಣವಾಗುವುದುಂಟೇ? ಅದಕ್ಕೆ ಸಿಕ್ಕಿದ್ದು ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಎಂಬ ಅಣ್ಣ-ತಂಗಿ... ತಪ್ಪು, ತಮ್ಮ-ಅಕ್ಕ, ಮೇರಿಯೇ ದೊಡ್ಡವಳು. ಇಬ್ಬರೂ ಸೇರಿ ಮಕ್ಕಳಿಗಾಗಿ ಬರೆದು 1807ರಲ್ಲಿ ಹೊರತಂದ ಶೇಕ್ಸ್‌ಪಿಯರ್ ಕತೆಗಳು. ಇಪ್ಪತ್ತರಲ್ಲಿ ಹದಿನಾಲ್ಕು ಬರೆದವಳು ಅಕ್ಕ, ಮೊದಲ ಮುದ್ರಣದ ಮೇಲೆ ಇದ್ದದ್ದು ತಮ್ಮನ ಹೆಸರು ಮಾತ್ರ! ಆ ಪುಸ್ತಕ ನಮ್ಮ ದೇಶದ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಓಡಿತು. ಲಂಡನ್ನಿನ ಮಕ್ಕಳಿಗೆ ಬರೆದ ಭಾಷೆ, ನಮ್ಮವರಿಗೆ ಸಾಲಿಗೆ ನಾಲ್ಕು ಕಡೆ ಎಡವುವ ಭಾಷೆ. ಮೇಷ್ಟ್ರು ಅರ್ಥ ಹೇಳುವುದು, ಹುಡುಗರು ಉರು ಹೊಡೆಯುವುದು.

ಇದನ್ನು ನೋಡಿ ತಲೆ ಕೆಡಿಸಿಕೊಂಡವನು ಮೈಕೆಲ್ ವೆಸ್ಟ್. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಇಂಗ್ಲಿಷಿನವನು. ಬಂಗಾಳದ ಮಕ್ಕಳ ದ್ವಿಭಾಷಿಕತೆಯ ಬಗ್ಗೆ 1926ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ವಿಮೆಯವರ ಒಂದು ಮಾತು ಬಳಸುತ್ತಾನೆ, ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿ ಮಧ್ಯದಲ್ಲೇ ಬಿಟ್ಟರೆ ಎಷ್ಟು ಕೈಗೆ ಸಿಗುತ್ತದೆ ಅಂತ ಕೇಳ್ತೇವಲ್ಲ, ಅದೇ. ಹೆಚ್ಚಿನ ಮಕ್ಕಳು ಅರ್ಧದಲ್ಲೇ ಶಾಲೆ ಬಿಡುತ್ತಾರೆ, ಹಾಗೆ ಬಿಟ್ಟವನ ಕೈಯಲ್ಲಿ ಏನು ಉಳಿಯಿತು? ಅರೆಬರೆ ಮಾತಾಡಲು ಕಲಿತದ್ದು ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ, ಓದಲು ಕಲಿತರೆ ಅದು ಅಷ್ಟಾದರೂ ಉಳಿಯುತ್ತದೆ ಅನ್ನುವುದು ಅವನ ವಾದ. ಹಾಗಾಗಿ ಕತೆಗಳನ್ನು ಕೆಲವೇ ಪದಗಳಲ್ಲಿ ತಿರುಗಿ ಬರೆಯಬೇಕು, ಹೊಸ ಪದ ಒಂದೊಂದಾಗಿ ಬರಬೇಕು, ಬಂದದ್ದು ಮತ್ತೆ ಮತ್ತೆ ಬರಬೇಕು, ಹುಡುಗ ಮೇಷ್ಟ್ರ ಸಹಾಯವಿಲ್ಲದೆ ಮನಸ್ಸಿನಲ್ಲೇ ಓದಬೇಕು. ಅವನ ನ್ಯೂ ಮೆಥಡ್ ರೀಡರುಗಳು ಹುಟ್ಟಿದ್ದು ಹೀಗೆ. ಸುಮಾರು 2000 ಪದಗಳ ಪಟ್ಟಿಯೊಂದನ್ನೂ 1953ರಲ್ಲಿ ಹೊರತಂದ. ಸಾಹೇಬರ ಶಾಸ್ತ್ರದಲ್ಲಿ ನನಗೆ ಮನಸ್ಸಿಗೆ ತಾಗಿದ್ದು ಇದೊಂದು. ಯಾಕೆಂದರೆ ಅರ್ಧದಲ್ಲಿ ಬಿಡುವವರೇ ತುಂಬಿದ್ದ ಕ್ಲಾಸಿನಲ್ಲಿ ನಾನು ಕೂತಿದ್ದೆ.

ಕರಾವಳಿಯವರು ಬೊಂಬಾಯಿಯಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಕಳೆದ ಶತಮಾನದ ಆರಂಭದಲ್ಲೇ. ಹಗಲು ಹೋಟೆಲಲ್ಲಿ ಕಪ್ಪು-ಬಸಿ ತೊಳೆಯುವ ಹುಡುಗರು ರಾತ್ರಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದರು. ನಾನು ಸೇರಿದ್ದು 1969ರಲ್ಲಿ. ಅಲ್ಲಿ ಒಬ್ಬ ಮೇಷ್ಟ್ರು ಮೊಪಾಸಾನ ಹಾರದ ಕತೆ ಮಾಡಿದರು. ಮೂಲ ಫ್ರೆಂಚ್, 1884ರದ್ದು. ಮೊದಲು ಕನ್ನಡದಲ್ಲಿ ಕತೆ ಹೇಳಿ, ಆಮೇಲೆ ಪುಸ್ತಕ ಬಿಚ್ಚಿಸಿದರು. ಒಬ್ಬ ಗುಮಾಸ್ತನ ಹೆಂಡತಿ ಪಾರ್ಟಿಗೆ ಹೋಗಲು ಗೆಳತಿಯ ವಜ್ರದ ಹಾರ ಎರವಲು ತರುತ್ತಾಳೆ, ಕಳೆದುಕೊಳ್ಳುತ್ತಾಳೆ. ಸತ್ಯ ಹೇಳದೆ 36,000 ಫ್ರಾಂಕಿಗೆ ಅಂಥದ್ದೇ ಹಾರ ಕೊಂಡು ಹಿಂದಿರುಗಿಸುತ್ತಾರೆ. ಸಾಲ ತೀರಿಸಲು ಹತ್ತು ವರ್ಷ. ಕೆಲಸದವಳನ್ನು ಬಿಡಿಸಿ ಅವಳೇ ಪಾತ್ರೆ ತಿಕ್ಕುತ್ತಾಳೆ, ಉಗುರು ಸವೆಯುತ್ತದೆ.

ಆ ಜಾಗಕ್ಕೆ ಬಂದಾಗ ಕ್ಲಾಸು ಗಪ್‌ಚಿಪ್. ನಮ್ಮಲ್ಲಿ ಸುಮಾರು ಮಂದಿಯ ಬೆರಳ ಸಂದಿ ಸೋಡಾ ನೀರಿಗೆ ಬೆಂದಿತ್ತು ಮಾರಾಯ್ರೆ. ಮನೆಯವರು ತೆಗೆದುಕೊಂಡ ಮುಂಗಡ ತೀರಿಸಲೆಂದೇ ದುಡಿಯುವವರೂ ಇದ್ದರು. ಕೊನೆಗೆ ಆ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕಿನದ್ದು ಅಂತ ಗೊತ್ತಾಗುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: "ಸರ್, ಹಾಗಾದ್ರೆ ಬಾಕಿ ದುಡ್ಡು ಅವಳಿಗೆ ವಾಪಸ್ ಸಿಕ್ಕಿತಾ?" ಮೇಷ್ಟ್ರು ಪುಸ್ತಕ ತಿರುಗಿಸಿ ನೋಡಿದರು. "ಇದರಲ್ಲಿ ಇಷ್ಟೇ ಇರುವುದು ಮಾರಾಯ" ಅಂದರು. ಆ ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ.

ಇನ್ನುಳಿದ ಚರಿತ್ರೆ ಬೇಗ ಹೇಳಿಬಿಡುತ್ತೇನೆ. 1950ರ ದಶಕದಿಂದ ವಾಕ್ಯರಚನೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿ ಬಂತು. ಕತೆಯೆಂದರೆ ವ್ಯಾಕರಣ ತುಂಬುವ ಚೀಲ. ಅದು ಸಾಲದು ಅಂತ ಎನ್. ಎಸ್. ಪ್ರಭು 1979ರಲ್ಲಿ ಬೆಂಗಳೂರು ಪ್ರಾಜೆಕ್ಟ್ ಶುರು ಮಾಡಿದರು. ಹುಡುಗರ ಮನಸ್ಸು ಅರ್ಥದ ಕಡೆ ಇದ್ದರೆ ವ್ಯಾಕರಣ ತಾನಾಗಿ ಬರುತ್ತದೆ ಅನ್ನುವುದು ಅವರ ನಂಬಿಕೆ. ಪ್ರಪಂಚದ ಭಾಷಾ ಶಿಕ್ಷಕರೆಲ್ಲ ಅದರ ಬಗ್ಗೆ ಓದಿದರು. ಆದರೆ ಅವರು ಕೊಡುತ್ತಿದ್ದದ್ದು ನಕ್ಷೆ, ವೇಳಾಪಟ್ಟಿಯಂಥ ಲೆಕ್ಕಾಚಾರದ ಕೆಲಸ, ಕತೆಯಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ತಂದ ಪುಸ್ತಕಗಳಲ್ಲಿ ಒಳ್ಳೊಳ್ಳೆ ಕತೆಗಳು ಬಂದವು. ಒಂಬತ್ತಕ್ಕೆ ಓ. ಹೆನ್ರಿ, ಮುಲ್ಕ್ ರಾಜ್ ಆನಂದ್. ಹತ್ತಕ್ಕೆ ನೋಡಿದರೆ ಅದೇ ಹಾರ!

ಮೊಮ್ಮಗಳು ಹತ್ತನೆಯಲ್ಲಿದ್ದಾಗ ಆ ಪಾಠ ಓದುತ್ತಿದ್ದಳು. ಓದುತ್ತಿದ್ದದ್ದು ಕತೆ ಅಲ್ಲ, ಗೈಡು. ನಾಯಕಿಯ ಸ್ವಭಾವ: ದುರಾಸೆ, ಅತೃಪ್ತಿ. ನೀತಿ: ಇದ್ದುದರಲ್ಲಿ ಸುಖಪಡಬೇಕು. ಸಿಟ್ಟು ಬಂತು ನನಗೆ. ಹತ್ತು ವರ್ಷ ಪಾತ್ರೆ ತೊಳೆದು ಕೊನೇ ಕಾಸಿನವರೆಗೆ ಸಾಲ ತೀರಿಸಿದವಳಿಗೆ ದುರಾಸೆ ಅಂತ ಮೂರಕ್ಷರದಲ್ಲಿ ಷರಾ ಬರೆದು ಮುಗಿಸುವುದಾ? ಗೈಡು ಮುಚ್ಚಿಸಿ ಕತೆ ಓದಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಆ ಹಿಂದಿನ ಬೆಂಚಿನವನ ಪ್ರಶ್ನೆ ಕೇಳಿದೆ.

"ಸಿಕ್ಕಿರಲಿಕ್ಕಿಲ್ಲ ಅಜ್ಜ, ಗೆಳತಿ ಆ ಹಾರ ಮಾರಿರ್ತಾಳೆ" ಅಂದಳು. ಅವಳಮ್ಮ "ಛೇ, ಕೊಟ್ಟೇ ಕೊಟ್ಟಿರ್ತಾಳೆ" ಅಂದಳು. ಊಟ ಮುಗಿಯುವವರೆಗೂ ಜಗಳ ನಡೆಯಿತು.