ಎಮಿಲಿ ಗಾಸಳ ಕಡೆಯ ಒಂಬತ್ತು ತಿಂಗಳು

ಎಡ್ಮಂಡ್ ಗಾಸನ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರು ಸರೋಜಿನೀದೇವಿಯವರ ಸಂಬಂಧದಲ್ಲಿ ಕೇಳಿರಬಹುದು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಆ ತರುಣ ಕವಯಿತ್ರಿಗೆ, ಆಂಗ್ಲಕವಿಗಳ ಅನುಕರಣವನ್ನು ತೊರೆದು ತನ್ನ ನಾಡನ್ನೂ ಅದರ ಜನರನ್ನೂ ಕುರಿತು ಬರೆಯಬೇಕೆಂದು ಬುದ್ಧಿ ಹೇಳಿದವನು ಈತನೇ. ೧೯೧೨ರಲ್ಲಿ ಅಚ್ಚಾದ ಅವರ ಕವನಸಂಗ್ರಹಕ್ಕೆ ಮುನ್ನುಡಿಯನ್ನು ಬರೆದವನೂ ಈತನೇ. ಸಾಹಿತ್ಯವಿಮರ್ಶಕನೆಂದು ಲಂಡನ್ನಿನಲ್ಲಿ ದೊಡ್ಡ ಹೆಸರನ್ನು ಪಡೆದ ಈ ಮನುಷ್ಯನು ತನ್ನ ಏಳನೆಯ ವಯಸ್ಸಿನಲ್ಲಿ ಅದೇ ಪಟ್ಟಣದ ಒಂದು ಬಾಡಿಗೆಯ ಕೋಣೆಯೊಳಗೆ, ಸ್ತನದ ಅರ್ಬುದದಿಂದ ನರಳುತ್ತಿದ್ದ ತಾಯಿಯ ಹಾಸಿಗೆಯ ಬಳಿ ದಿನಗಟ್ಟಲೆ ಕುಳಿತಿದ್ದನು. ಆ ತಾಯಿಯ ಹೆಸರು ಎಮಿಲಿ. ಆಕೆಯ ರೋಗವನ್ನೂ ಚಿಕಿತ್ಸೆಯನ್ನೂ ಮರಣವನ್ನೂ ಕುರಿತು ಎರಡು ಪುಸ್ತಕಗಳು ನಮಗೆ ಉಳಿದಿವೆ. ಒಂದನ್ನು ಆಕೆಯ ಗಂಡನು ೧೮೫೭ರಲ್ಲಿ, ದುಃಖವಿನ್ನೂ ಹಸಿಯಾಗಿರುವಾಗಲೇ ಬರೆದನು. ಇನ್ನೊಂದನ್ನು ಮಗನು ಐವತ್ತು ವರ್ಷಗಳ ಮೇಲೆ, ೧೯೦೭ರಲ್ಲಿ, ‘ತಂದೆ ಮತ್ತು ಮಗ’ ಎಂಬ ಹೆಸರಿನಿಂದ, ಮೊದಲು ತನ್ನ ಹೆಸರನ್ನು ಕಾಣಿಸದೆ ಪ್ರಕಟಿಸಿದನು. ಘಟನೆಗಳು ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ಅರ್ಥವು ಮಾತ್ರ ಬೇರೆ ಬೇರೆ.

ಎಮಿಲಿ ಬೋಸ್ ಹುಟ್ಟಿದುದು ೧೮೦೬ರಲ್ಲಿ. ತಂದೆತಾಯಿಗಳು ಅಮೆರಿಕದ ಮೂಲದವರು. ಮನೆಯ ಸ್ಥಿತಿಯು ಕೆಟ್ಟುದರಿಂದ ಆಕೆಯು ಪರರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಜೀವನ ಮಾಡಬೇಕಾಯಿತು. ೧೮೪೮ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಫಿಲಿಪ್ ಹೆನ್ರಿ ಗಾಸನನ್ನು ಮದುವೆಯಾದಳು. ಮರುವರ್ಷ ಎಡ್ಮಂಡನು ಹುಟ್ಟಿದನು. ಗಂಡನು ಸಾಮಾನ್ಯನಲ್ಲ. ಸಮುದ್ರತೀರದ ಕ್ಷುದ್ರಪ್ರಾಣಿಗಳನ್ನು ಕುರಿತು ಆತನಷ್ಟು ಸೂಕ್ಷ್ಮವಾಗಿ ಬರೆದವರು ಅಂದಿನ ಇಂಗ್ಲೆಂಡಿನಲ್ಲಿ ವಿರಳ. ಗಾಜಿನ ತೊಟ್ಟಿಯಲ್ಲಿ ಸಮುದ್ರಜೀವಿಗಳನ್ನು ಸಾಕುವ ಹವ್ಯಾಸವೂ, ‘ಅಕ್ವೇರಿಯಂ’ ಎಂಬ ಮಾತೂ ಜನರಲ್ಲಿ ಹಬ್ಬಿದುದು ಬಹುಮಟ್ಟಿಗೆ ಆತನ ೧೮೫೪ರ ಪುಸ್ತಕದಿಂದ. ೧೮೫೬ರಲ್ಲಿ, ಅಂದರೆ ಹೆಂಡತಿಯು ರೋಗಕ್ಕೆ ಸಿಕ್ಕಿದ ವರ್ಷದಲ್ಲಿಯೇ, ಆತನು ರಾಯಲ್ ಸೊಸೈಟಿಯ ಸದಸ್ಯನಾಗಿ ಚುನಾಯಿತನಾದನು.

ಇಬ್ಬರೂ ‘ಪ್ಲಿಮತ್ ಸಹೋದರರು’ ಎಂದು ಹೆಸರಾದ ಕ್ರೈಸ್ತಪಂಗಡಕ್ಕೆ ಸೇರಿದವರು. ಈ ಪಂಗಡದವರಿಗೆ ದೀಕ್ಷೆ ಪಡೆದ ಪಾದ್ರಿಗಳಿಲ್ಲ, ಆಡಂಬರದ ಆರಾಧನೆಯಿಲ್ಲ. ಬೈಬಲಿನ ಪ್ರತಿಯೊಂದು ಅಕ್ಷರವೂ ಸತ್ಯ. ಕ್ರಿಸ್ತನ ಪುನರಾಗಮನವು ಇಂದೋ ನಾಳೆಯೋ ಎಂಬ ನಿರೀಕ್ಷೆ. ಮನೆಯಲ್ಲಿ ಏಳುವ ಪ್ರತಿಯೊಂದು ಪ್ರಶ್ನೆಯನ್ನೂ ಪ್ರಾರ್ಥನೆಯಲ್ಲಿ ದೇವರ ಮುಂದಿಟ್ಟು, ಅನಂತರ ಮನಸ್ಸಿಗೆ ತೋರಿದುದನ್ನು ಆತನ ಉತ್ತರವೆಂದು ಸ್ವೀಕರಿಸುವುದು ಈ ದಂಪತಿಗಳ ರೂಢಿಯಾಗಿತ್ತು. ಇದರ ತರ್ಕವು ಚಿಕ್ಕ ಎಡ್ಮಂಡನಿಗೂ ತಿಳಿದಿತ್ತು. ಬೇಕಾದುದನ್ನು ದೇವರಲ್ಲಿ ಕೇಳೆಂದು ಹೇಳಿಕೊಟ್ಟುದರಿಂದ ಅವನು ಬಣ್ಣದ ಬುಗುರಿಯೊಂದು ಬೇಕೆಂದು ಪ್ರಾರ್ಥಿಸಿದನಂತೆ. ಹಿರಿಯರು ಅದನ್ನು ತಡೆದಾಗ ಹುಡುಗನಿಗೆ ಸಮಾಧಾನವಾಗಲಿಲ್ಲ. ಅನ್ಯಮತೀಯರ ಪರಿವರ್ತನೆಗಿಂತ ಬುಗುರಿಯೇ ತನಗೆ ಹೆಚ್ಚು ಬೇಕಾಗಿದ್ದಿತಲ್ಲ!

ಎಮಿಲಿಯು ಸುವಾರ್ತೆಯ ಕಿರುಪತ್ರಗಳನ್ನು ಬರೆಯುವುದರಲ್ಲಿ ನಿಪುಣೆ. ಕ್ರಿಮಿಯಾ ಯುದ್ಧದ ಒಬ್ಬ ತರುಣ ಸಿಪಾಯಿಯನ್ನು ಕುರಿತು ಆಕೆ ಬರೆದ ಕಿರುಪತ್ರವು ಲಕ್ಷಗಟ್ಟಲೆ ಪ್ರತಿಗಳು ಹಂಚಿಹೋಯಿತು. ಕುದುರೆಯ ಬಂಡಿಗಳಲ್ಲಿಯೂ ರೈಲಿನಲ್ಲಿಯೂ ಪಕ್ಕದಲ್ಲಿ ಕುಳಿತ ಅಪರಿಚಿತರೊಡನೆ ಮಾತಿಗೆ ತೊಡಗಿ, ಅವರ ಆತ್ಮದ ಸ್ಥಿತಿಯನ್ನು ವಿಚಾರಿಸುವುದಕ್ಕೆ ಆಕೆಗೆ ಸಂಕೋಚವಿರಲಿಲ್ಲ. ನಮಗೆ ಇದು ಸ್ವಲ್ಪ ವಿಪರೀತವೆನಿಸಬಹುದು. ಆದರೆ ಮುಂದೆ ಆಕೆಯನ್ನು ಎತ್ತಿಹಿಡಿದುದೂ ಈ ಅಭ್ಯಾಸವೇ.

೧೮೫೬ರ ವಸಂತದ ಕೊನೆಯಲ್ಲಿ ಎದೆಯಲ್ಲಿ ಗಟ್ಟಿಯಾದ ಒಂದು ಗಂಟು ಕೈಗೆ ತಗುಲಿತು. ವೈದ್ಯನನ್ನು ಕಂಡು ಮನೆಗೆ ಬಂದವಳು ಗಂಡನಿಗೆ ಆ ಹೆಸರನ್ನು ಶಾಂತವಾಗಿ ಹೇಳಿದಳು. ಹುಡುಗನು ಅಲ್ಲಿಯೇ ಇದ್ದನು. ಮಾತಿನ ಅರ್ಥ ತಿಳಿಯದಿದ್ದರೂ, ಅದರಿಂದ ತಂದೆಯ ಮೇಲಾದ ಪರಿಣಾಮವನ್ನು ಅವನು ಮರೆಯಲಿಲ್ಲ. ಗ್ರೀಕರು ಈ ರೋಗವನ್ನು ಏಡಿಯ ಹೆಸರಿನಿಂದ ಕರೆದರು. ನಮ್ಮ ‘ಏಡಿಹುಣ್ಣು’ ಎಂಬ ಮಾತಿನಲ್ಲಿಯೂ ಅದೇ ಪ್ರಾಣಿಯಿದೆ. ಸಮುದ್ರದ ಏಡಿಗಳನ್ನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನ ಮನೆಗೇ ಅದು ಬಂದಿತು.

ಆಗ ಮಾಡಬಹುದಾಗಿದ್ದುದೇನು? ಶಸ್ತ್ರವೈದ್ಯರು ಕೊಯ್ದು ತೆಗೆಯಬೇಕೆಂದರು. ೧೮೧೧ರಲ್ಲಿ ಪ್ಯಾರಿಸ್ಸಿನಲ್ಲಿ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯು ಎಚ್ಚರವಿರುವಾಗಲೇ ಇಂತಹ ಶಸ್ತ್ರಕ್ಕೆ ಒಡ್ಡಿಕೊಂಡಿದ್ದಳು. ಎಮಿಲಿಯ ಕಾಲಕ್ಕೆ ಅಷ್ಟು ಘೋರವಿರಲಿಲ್ಲ, ನಿಜ. ೧೮೪೬ರಿಂದ ಈಥರೂ ೧೮೪೭ರಿಂದ ಕ್ಲೋರೋಫಾರಮ್ಮೂ ಬಳಕೆಗೆ ಬಂದಿದ್ದುವು. ಆದರೆ ಲಿಸ್ಟರನು ಗಾಯದ ಕೊಳೆತವನ್ನು ತಡೆಯುವ ಕ್ರಮವನ್ನು ಪ್ರಕಟಿಸಿದುದು ೧೮೬೭ರಲ್ಲಿ. ಅದಕ್ಕೆ ಮೊದಲು ಕತ್ತಿಯಿಂದ ಬದುಕಿದವರು ವ್ರಣದ ನಂಜಿನಿಂದ ಸಾಯುವುದು ಅಪರೂಪವಾಗಿರಲಿಲ್ಲ. ಅಷ್ಟೇ ಅಲ್ಲ. ಆ ಕಾಲದ ಅಗ್ರಗಣ್ಯ ಶಸ್ತ್ರವೈದ್ಯನಾದ ಜೇಮ್ಸ್ ಪ್ಯಾಜೆಟ್ಟನೇ, ಸ್ತನವನ್ನು ಕೊಯ್ದು ತೆಗೆದರೂ ಈ ರೋಗವು ಶಾಶ್ವತವಾಗಿ ಗುಣವಾದೀತೆಂಬ ಆಶೆಯನ್ನು ಇಟ್ಟುಕೊಳ್ಳಬಾರದೆಂದು ೧೮೫೩ರಲ್ಲಿ ಬರೆದಿದ್ದನು. ಆದುದರಿಂದ, ಭಕ್ತಿಯ ಹುಚ್ಚಿನಲ್ಲಿ ಈಕೆಯು ವೈದ್ಯಶಾಸ್ತ್ರವನ್ನು ತಿರಸ್ಕರಿಸಿದಳೆಂದು ಯಾರಾದರೂ ಹೇಳಿದರೆ ಅದು ಅನ್ಯಾಯ. ವೈದ್ಯರಲ್ಲಿಗೆ ಹೋದಳು, ಕೇಳಿದಳು, ತೂಗಿ ನೋಡಿದಳು. ತಕ್ಕಡಿಯಲ್ಲಿ ಹಾಕಿದ ತೂಕಗಳಲ್ಲಿ ಪ್ರಾರ್ಥನೆಯೂ ಒಂದಾಗಿತ್ತು, ಅಷ್ಟೆ.

ಕತ್ತಿಯಿಲ್ಲದೆ ಅರ್ಬುದವನ್ನು ಕಳಚುವೆನೆಂದು ಹೇಳುತ್ತಿದ್ದ ಜೆಸ್ಸಿ ವೆಲ್ಡನ್ ಫೆಲ್ ಎಂಬ ಅಮೆರಿಕದ ವೈದ್ಯನೊಬ್ಬನು ಆಗ ಲಂಡನ್ನಿನಲ್ಲಿದ್ದನು. ದಂಪತಿಗಳು ಪ್ರಾರ್ಥಿಸಿ ಆತನನ್ನು ಆರಿಸಿಕೊಂಡರು. ಆತನ ಔಷಧವು ಆಗಿನ್ನೂ ಗುಟ್ಟು. ಅದರಲ್ಲಿದ್ದುದು ಸತುವಿನ ಕ್ಲೋರೈಡು ಮತ್ತು ಉತ್ತರ ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ, ಮುರಿದರೆ ರಕ್ತದಂತೆ ಕೆಂಪು ರಸವನ್ನು ಸುರಿಸುವ ಒಂದು ಬೇರು ಎಂಬುದು ೧೮೫೭ರಲ್ಲಿ ಬಯಲಾಯಿತು. ಕ್ರಮವು ಹೀಗೆ: ಮೊದಲು ಉಗ್ರವಾದ ಆಮ್ಲವನ್ನು ಸವರಿ ಮೇಲಿನ ಚರ್ಮವನ್ನು ಸುಡುವುದು, ಕಂದುಗೆಂಪಿನ ಮುಲಾಮನ್ನು ಲೇಪಿಸುವುದು, ಸತ್ತ ಮಾಂಸದಲ್ಲಿ ಸಾಲುಸಾಲಾಗಿ ಗೀರುಗಳನ್ನು ಕೊರೆದು ಅವುಗಳೊಳಗೆ ಮುಲಾಮು ಸವರಿದ ಬಟ್ಟೆಯ ಪಟ್ಟಿಗಳನ್ನು ತುರುಕುವುದು. ದಿನದಿನಕ್ಕೂ ಗೀರುಗಳು ಆಳವಾಗುವುವು. ವಾರಗಳು ಕಳೆದಮೇಲೆ ಗೆಡ್ಡೆಯು ಸುತ್ತಲಿನ ಮಾಂಸದಿಂದ ಬಿಡಿಸಿಕೊಂಡು ಕಳಚಿಬೀಳಬೇಕು. ಕತ್ತಿಯ ಕೆಲವು ನಿಮಿಷಗಳನ್ನು ತಪ್ಪಿಸಿಕೊಳ್ಳಲು ಹೋದವಳು ಹಲವು ವಾರಗಳ ಬೆಂಕಿಗೆ ಒಳಗಾದಳು.

ಇಸ್ಲಿಂಗ್ಟನ್ನಿನ ಮನೆಯಿಂದ ಪಿಮ್ಲಿಕೊವಿನಲ್ಲಿದ್ದ ವೈದ್ಯನಲ್ಲಿಗೆ ಪಟ್ಟಣವನ್ನು ದಾಟಿ ಹೋಗಿಬರುವುದು ಕಷ್ಟವಾಗಲು, ಆ ಶರತ್ಕಾಲದಲ್ಲಿ ಪಿಮ್ಲಿಕೊವಿನಲ್ಲಿಯೇ ಬಾಡಿಗೆಯ ಕೋಣೆಗಳನ್ನು ಹಿಡಿದರು. ತಂದೆಗೆ ಬರವಣಿಗೆಯೇ ಜೀವನೋಪಾಯವಾದುದರಿಂದ ಆತನು ಮನೆಯಲ್ಲಿದ್ದು ಹೋಗಿಬಂದು ಮಾಡುತ್ತಿದ್ದನು. ತಾಯಿಯೊಡನೆ ಇದ್ದವನು ಎಡ್ಮಂಡ್. ಆ ಏಳು ವರ್ಷದ ಮಗುವೇ ಆಕೆಯ ಸಂಗಾತಿ. ಒಂದು ಅರ್ಥದಲ್ಲಿ ದಾದಿಯೂ ಅವನೇ. ನೋವಿನ ನಡುವೆ ಆಕೆಗೆ ಬೈಬಲನ್ನು ಓದಿ ಹೇಳುತ್ತಿದ್ದನು. ಬೈಬಲಿನ ಕಡೆಯ ಭಾಗವಾದ ಪ್ರಕಟನೆಯ ಗ್ರಂಥದ ಮೇಲೆ ಅವರ ಪಂಗಡದ ನ್ಯೂಟನ್ನನು ಬರೆದ ಶುಷ್ಕವಾದ ವ್ಯಾಖ್ಯಾನವನ್ನೂ ಅರ್ಥವಾಗದಿದ್ದರೂ ಗಟ್ಟಿಯಾಗಿ ಓದುತ್ತಿದ್ದನು. ಆ ಬೇಸರವನ್ನು ಐವತ್ತು ವರ್ಷಗಳಾದರೂ ಅವನು ಕ್ಷಮಿಸಿದಂತೆ ಕಾಣುವುದಿಲ್ಲ. ಆದರೆ ಓದಿದ ಮಗುವಿಗೆ ಬೇಸರವಾಗಿದ್ದುದು ಕೇಳಿದ ತಾಯಿಗೆ ಆಹಾರವಾಗಿತ್ತೆಂಬುದನ್ನೂ ನಾವು ಗಮನಿಸಬೇಕು. ಲೋಕವೇ ಮುಗಿದು ಹೊಸದಾಗುವುದೆಂಬ ದರ್ಶನದಲ್ಲಿ ಮನಸ್ಸನ್ನಿಟ್ಟವಳಿಗೆ ಆ ಕೋಣೆಯ ಗೋಡೆಗಳು ಅಷ್ಟು ಹತ್ತಿರವಾಗಿ ತೋರಿರಲಾರವು.

ಎಮಿಲಿಯ ನಂಬಿಕೆಯು ನೋವನ್ನು ಕಡಮೆ ಮಾಡಲಿಲ್ಲ. ಮಾಡಿತೆಂದು ಆಕೆಯ ಗಂಡನೂ ಹೇಳುವುದಿಲ್ಲ. ಆ ಸಹೃದಯನು ಯಾತನೆಯನ್ನು ಮರೆಮಾಚದೆ ಪ್ರಾಣಿಶಾಸ್ತ್ರಜ್ಞನ ನಿಷ್ಠೆಯಿಂದ ದಾಖಲೆ ಮಾಡಿದ್ದಾನೆ. ನಂಬಿಕೆಯು ಮಾಡಿದುದು ಬೇರೆ. ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳನ್ನು ತೆಗೆದುಹಾಕೆಂದು ಮೂರುಸಲ ಬೇಡಿಕೊಂಡರೂ ಮುಳ್ಳು ಹೋಗಲಿಲ್ಲ, ಕೃಪೆ ಮಾತ್ರ ದೊರೆಯಿತೆಂದು ಬರೆದಿದ್ದಾನೆ. ಕ್ರೈಸ್ತರೋಗಿಗಳು ಶತಮಾನಗಳಿಂದ ಒರಗಿಕೊಂಡುಬಂದ ಕಂಬವಿದು. ಈ ದೃಷ್ಟಿಯಲ್ಲಿ ರೋಗವು ತಂದೆಯು ಮಗುವಿಗೆ ಕೊಡುವ ಶಿಕ್ಷಣವೇ ಹೊರತು ಶಾಪವಲ್ಲ. ಎಮಿಲಿಗೆ ಇದರಿಂದ ಒಂದು ದೊಡ್ಡ ಉಪಕಾರವಾಯಿತು: ರೋಗಿಯಾದಮೇಲೂ ಆಕೆಗೆ ಕೆಲಸ ತಪ್ಪಲಿಲ್ಲ. ತನ್ನಂತೆಯೇ ಚಿಕಿತ್ಸೆಗೆ ಬರುತ್ತಿದ್ದ ಹೆಂಗಸರೊಡನೆಯೂ ದಾರಿಯಲ್ಲಿ ಸಿಕ್ಕಿದವರೊಡನೆಯೂ ಮೊದಲಿನಂತೆಯೇ ಕ್ರಿಸ್ತನ ಮಾತನ್ನು ಆಡುತ್ತಿದ್ದಳು. ಇತರರಿಗೆ ಕೊಡುವುದಕ್ಕೆ ತನ್ನಲ್ಲಿ ಏನೋ ಇದೆಯೆಂದು ಆಕೆ ಕೊನೆಯವರೆಗೂ ನಂಬಿದ್ದಳು. ಬರಿಯ ರೋಗಿಯಾಗಲು ಒಪ್ಪಲಿಲ್ಲ.

ಗೆಡ್ಡೆಯೇನೋ ಕಳಚಿತು, ರೋಗವು ಉಳಿಯಿತು. ಡಿಸೆಂಬರಿನ ಕೊನೆಗೆ, ಕ್ರಿಸ್ಮಸ್ಸಿನ ವೇಳೆಗೆ, ಆಕೆಯನ್ನು ಮನೆಗೆ ಕರೆತಂದರು. ೧೮೫೭ನೆಯ ಫೆಬ್ರವರಿ ೯ರಂದು ತೀರಿಕೊಂಡಳು. ಸ್ಟೋಕ್ ನ್ಯೂಯಿಂಗ್ಟನ್ನಿನ ಆಬ್ನಿ ಪಾರ್ಕ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಅದೇ ವರ್ಷ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯರು ಫೆಲ್ಲನ ಕ್ರಮವನ್ನು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ ವರದಿಯನ್ನು ಪ್ರಕಟಿಸಿದರು. ೧೭೯೨ರಿಂದಲೂ ಅರ್ಬುದರೋಗಿಗಳಿಗೆಂದೇ ಪ್ರತ್ಯೇಕ ವಿಭಾಗವನ್ನಿಟ್ಟಿದ್ದ ಆಸ್ಪತ್ರೆ ಅದು. ಮುಲಾಮು ಗೆಡ್ಡೆಯನ್ನು ಕಳಚುವುದು ನಿಜ, ರೋಗವು ಮರುಕಳಿಸುವುದನ್ನು ತಡೆಯಲಾರದು ಎಂಬುದು ಅವರ ಅನುಭವದ ಸಾರ. ಎಮಿಲಿಯ ಪಾಲಿಗೆ ಈ ತಿಳಿವು ಕೆಲವೇ ತಿಂಗಳು ತಡವಾಯಿತು. ಇದೇ ಸತು ಮತ್ತು ಬೇರಿನ ಮಿಶ್ರಣವನ್ನು ೧೯೩೦ರ ದಶಕದಲ್ಲಿ ಅಮೆರಿಕದ ಫ್ರೆಡೆರಿಕ್ ಮೋಸ್ ಎಂಬ ಶಸ್ತ್ರವೈದ್ಯನು ಚರ್ಮದ ಅರ್ಬುದಕ್ಕೆ, ಪದರಪದರವಾಗಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತ ಬಳಸಿದನೆಂಬುದು ಚರಿತ್ರೆಯ ವಿನೋದ. ಆ ಪರೀಕ್ಷೆಯಿಲ್ಲದೆ ಬರಿಯ ಮುಲಾಮನ್ನೇ ಮಾರುವವರು ಇಂದಿಗೂ ಉಂಟು. ವೈದ್ಯರು ಅದರ ಅಪಾಯವನ್ನು ಕುರಿತು ಎಚ್ಚರಿಸುತ್ತಲೇ ಇದ್ದಾರೆ.

ಈಗ ಎರಡು ಪುಸ್ತಕಗಳ ವಿಷಯ. ತಂದೆಯ ಪುಸ್ತಕದಲ್ಲಿ ಇದು ಒಬ್ಬ ಭಕ್ತೆಯ ವಿಜಯಯಾತ್ರೆ. ಮಗನ ಪುಸ್ತಕದಲ್ಲಿ ಒಳ್ಳೆಯ ಹೆಂಗಸೊಬ್ಬಳು ಕಠಿಣವಾದ ಮತವೊಂದರ ನೆರಳಿನಲ್ಲಿ ಸತ್ತ ಕಥೆ. ತಂದೆಯನ್ನು ನಂಬಿ ಮಗನನ್ನು ಕೃತಘ್ನನೆನ್ನುವವರೂ, ಮಗನನ್ನು ನಂಬಿ ತಂದೆಯನ್ನು ಮೂಢನೆನ್ನುವವರೂ ಉಂಟು. ನನಗೆ ಎರಡೂ ಒಪ್ಪಿಗೆಯಿಲ್ಲ. ಆಕೆಯ ಧೈರ್ಯಕ್ಕೆ ಮಗನ ಪುಸ್ತಕವೂ ಸಾಕ್ಷಿಯೇ. ಆದರೆ ಆ ಧೈರ್ಯಕ್ಕೆ ತಗುಲಿದ ವೆಚ್ಚದ ಒಂದು ಪಾಲನ್ನು ಆ ಕೋಣೆಯಲ್ಲಿದ್ದ ಮಗುವು ತೆತ್ತಿತು. ತಂದೆಯ ಲೆಕ್ಕದಲ್ಲಿ ಆ ಬಾಬು ಕಾಣಿಸುವುದೇ ಇಲ್ಲ. ಹನ್ನಳು ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದಂತೆ ಎಡ್ಮಂಡನನ್ನು ಶೈಶವದಲ್ಲಿಯೇ ದೇವರಿಗೆ ಮುಡಿಪು ಮಾಡಿದ್ದರು. ಕಡೆಯ ದಿನಗಳಲ್ಲಿ ತಾಯಿಯು ಆ ಮುಡಿಪನ್ನು ಗಂಡನಿಗೆ ಮತ್ತೆ ನೆನಪಿಸಿ ಕಣ್ಣುಮುಚ್ಚಿದಳು. ಸತ್ತವಳ ಆ ಮಾತನ್ನು ಮೀರಿ ತನ್ನ ದಾರಿಯನ್ನು ಹಿಡಿಯಲು ಮಗನಿಗೆ ತಾರುಣ್ಯವೆಲ್ಲ ಬೇಕಾಯಿತು.

ಆ ಮನೆಯಲ್ಲಿ ಕಟ್ಟುಕಥೆಗೆ ಪ್ರವೇಶವಿರಲಿಲ್ಲ. ಎಡ್ಮಂಡನ ಬಾಲ್ಯದಲ್ಲಿ ರಾಜಕುಮಾರರೂ ಇಲ್ಲ, ರಾಕ್ಷಸರೂ ಇಲ್ಲ. ಕಾರಣವು ಆತನಿಗೆ ಬಹುಕಾಲ ತಿಳಿಯಲಿಲ್ಲ. ಎಮಿಲಿಯು ಬಾಲ್ಯದಲ್ಲಿ ಕಥೆಗಳನ್ನು ಕಟ್ಟಿ ತಮ್ಮಂದಿರಿಗೆ ಹೇಳುತ್ತಿದ್ದಳು. ಕಥೆ ಕಟ್ಟುವುದು ಪಾಪವೆಂದು ಉಪಾಧ್ಯಾಯಿನಿಯೊಬ್ಬಳು ಆಕೆಗೆ ಹೇಳಿದ್ದಳು. ಅಂದಿನಿಂದ ಆ ಆಶೆಯನ್ನು ಆಕೆ ಅದುಮಿಟ್ಟಳು. ಅದು ಹೋಗಲಿಲ್ಲವೆಂಬುದನ್ನು ಬೀಗ ಹಾಕಿದ ಪುಸ್ತಕವೊಂದರಲ್ಲಿ ಗುಟ್ಟಾಗಿ ಬರೆದಿಟ್ಟಿದ್ದಳು. ಆಕೆಯ ಕಣ್ಣಲ್ಲದೆ ಬೇರೆ ಕಣ್ಣು ಆ ಪುಟಗಳನ್ನು ಕಂಡಿರಲಿಲ್ಲ. ಹಲವು ದಶಕಗಳ ಮೇಲೆ ಅದನ್ನು ಮೊದಲು ಓದಿದವನು, ಸಾಹಿತ್ಯವನ್ನೇ ವೃತ್ತಿಯಾಗಿ ಹಿಡಿದಿದ್ದ ಆಕೆಯ ಮಗನು.