ರೋಮ್ ಸರಣಿ, ಭಾಗ 4: ಅಗಸ್ಟಸ್‌ಗೆ ಸಿಗದ ಮೂಲೆ

ಮೊದಲ ಫೋಟೋದಲ್ಲಿರೋ ಬೂದು ಕಲ್ಲಿನ ಗೋಡೆ ನೋಡಿ. ಎತ್ತರ ಸುಮಾರು 30 ಮೀಟರ್. ಆದ್ರೆ ನೇರವಾಗಿಲ್ಲ, ಅಂಕುಡೊಂಕು. ಇಡೀ ಸಾಮ್ರಾಜ್ಯ ಕೈಯಲ್ಲಿದ್ದ ಅಗಸ್ಟಸ್ ಕಟ್ಟಿಸಿದ ಚೌಕದ ಗೋಡೆ ಯಾಕೆ ಹೀಗಿದೆ?

ರೋಮ್‌ನ ಹಳೇ ಫೋರಂ ಅಂದ್ರೆ ವ್ಯಾಪಾರ, ಕೋರ್ಟು, ಭಾಷಣ, ಗುಡಿ ಎಲ್ಲ ಇದ್ದ ಊರ ನಡುವಿನ ಬಯಲು. ಅದರ ಪಕ್ಕದಲ್ಲೇ ತನ್ನ ಹೆಸರಿನದೊಂದು ಬೇಕು ಅಂತ ಮೊದಲು ಹೊರಟವನು ಜೂಲಿಯಸ್ ಸೀಸರ್. ಇತಿಹಾಸಕಾರ ಸ್ವಿಟೋನಿಯಸ್ ಪ್ರಕಾರ ಜಾಗಕ್ಕೇ 10 ಕೋಟಿ ಸೆಸ್ಟರ್ಸ್‌ಗಿಂತ ಹೆಚ್ಚು ಖರ್ಚಾಯ್ತು. ಕಾಮರ್ಸ್ ಬುದ್ಧಿ ಬಿಡಲ್ಲ, ಲೆಕ್ಕ ಹಾಕಿದೆ. ಸೀಸರ್ ಏರಿಸಿದ ಮೇಲೆ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದ್ರೆ 1 ಲಕ್ಷಕ್ಕೂ ಹೆಚ್ಚು ಸೈನಿಕರ ವರ್ಷದ ಸಂಬಳ, ಬರೀ ಸೈಟಿಗೆ! ದುಡ್ಡು ಬಂದಿದ್ದು ಯುದ್ಧದ ಲೂಟಿಯಿಂದ.

ಅಗಸ್ಟಸ್ ಅವನ ದತ್ತುಮಗ. ಕ್ರಿ.ಪೂ. 42ರಲ್ಲಿ, ಸೀಸರ್‌ನನ್ನು ಕೊಂದವರ ಮೇಲೆ ಯುದ್ಧಕ್ಕೆ ಹೋದಾಗ, ಮಾರ್ಸ್ ದೇವರಿಗೆ ಗುಡಿ ಕಟ್ಟಿಸ್ತೀನಿ ಅಂತ ಹರಕೆ ಹೊತ್ತ. ತೀರಿಸಿದ್ದು ಕ್ರಿ.ಪೂ. 2ರಲ್ಲಿ. 40 ವರ್ಷ! ಆ ಗುಡಿಯ ಮುಂದಿನ ಅಂಗಳವೇ ಈ ಚೌಕ. ಅಷ್ಟೊತ್ತಿಗೆ ಅವನನ್ನ ತಡೆಯೋರೇ ಇರಲಿಲ್ಲ. ಆದ್ರೂ ಪಕ್ಕದ ಮನೆಗಳನ್ನ ಮಾಲೀಕರಿಂದ ಕಿತ್ಕೊಳ್ಳೋ ಧೈರ್ಯ ಮಾಡದೆ, ಫೋರಂ ಅನ್ನೇ ಕಿರಿದು ಮಾಡಿದ ಅಂತ ಸ್ವಿಟೋನಿಯಸ್ ಬರೀತಾನೆ. ಗೋಡೆಯಾಚೆ ಇದ್ದಿದ್ದು ಸುಬುರಾ, ಬಡವರು ತುಂಬಿ ಗಿಜಿಗುಡ್ತಿದ್ದ ಕೇರಿ. ಗೋಡೆ ಅಲ್ಲಿಂದ ಬರೋ ಬೆಂಕಿಗೂ ಅಡ್ಡ, ಆ ಕೇರಿ ಕಣ್ಣಿಗೆ ಬೀಳದಿರೋಕೂ ಅಡ್ಡ. ಹಾಗಾಗಿ ಇದೆಲ್ಲ ಕರುಣೆ ಅಂದ್ರೆ ನಾನು ಒಪ್ಪಲ್ಲ. ಆದ್ರೂ ಮನೆಗಳು ಉಳಿದವಲ್ಲ, ಅದು ಸಣ್ಣ ವಿಷಯ ಅಲ್ಲ.

ನೂರು ವರ್ಷದ ಮೇಲೆ ಬಂದ ಟ್ರಾಜನ್‌ಗೆ ಈ ಸಂಕೋಚ ಇರಲಿಲ್ಲ. ಡೇಶಿಯಾ (ಇವತ್ತಿನ ರೊಮೇನಿಯಾ ಕಡೆ) ಗೆದ್ದು ತಂದ ಸಂಪತ್ತಲ್ಲಿ ಗುಡ್ಡದ ಬದಿಯನ್ನೇ ಕಡಿಸಿ ಎಲ್ಲಕ್ಕಿಂತ ದೊಡ್ಡ ಫೋರಂ ಕಟ್ಟಿಸಿದ. ಕ್ರಿ.ಶ. 113ರ ಅವನ ಕಂಬದ ಬುಡದಲ್ಲಿ ಶಾಸನ ಇದೆ: ಎಷ್ಟೆತ್ತರದ ಗುಡ್ಡ ತೆಗೆದೆವು ಅಂತ ತೋರಿಸೋಕೇ ಈ ಕಂಬ ಅಂತೆ. ಟೂರಿಸ್ಟ್‌ಗಳು ಮುಗಿಬಿದ್ದು ಫೋಟೋ ತೆಗೆಯೋದು ಇದರದ್ದೇ.

ಕೊನೇ ಫೋಟೋದ ಅಗಲ ರಸ್ತೆ ಮುಸೊಲಿನಿದು, 1932. ಈ ಚೌಕಗಳ ಮೇಲೆ ಶತಮಾನಗಳಿಂದ ಬೆಳೆದಿದ್ದ ಮನೆಗಳನ್ನ ಒಡೆಸಿ, ಸಾವಿರಾರು ಜನರನ್ನ ಎಬ್ಬಿಸಿ, ಚೌಕಗಳ ಮೇಲೇ ಹಾಸಿದ್ದು. ರಸ್ತೆ ನೇರ ಬೇಕಿತ್ತು ಅವನಿಗೆ. ನೇರವಾಗೇ ಇದೆ.

ಭಾಗ 5ರಲ್ಲಿ ಟ್ರಾಜನ್ ಮಾರುಕಟ್ಟೆ.